ಬೋರ್ಡಿಗೆ ಹತ್ತಿದ ಕಿಲುಬು

ಕೇಳುಗರೆಲ್ಲರಿಗೂ ನಮಸ್ಕಾರ.

ಗದಗಿನಲ್ಲಿ ನಮ್ಮ ಕಾಕಾ ಒಂದು ಸಣ್ಣ ಮುದ್ರಣಾಲಯ ನಡೆಸುತ್ತಿದ್ದರು. ಅಚ್ಚುಮೊಳೆಗಳ ಕಾಲ ಮುಗಿದು ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂದಾಗ, 1990ರ ದಶಕದ ಆರಂಭದಲ್ಲಿ, ಸಾಲ ಮಾಡಿ ಒಂದು ಕಂಪ್ಯೂಟರ್ ತಂದರು. ಕಳೆದ ಮಳೆಗಾಲದಲ್ಲಿ ಅದನ್ನು ಅಟ್ಟದಿಂದ ಇಳಿಸಿ, ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಹುಬ್ಬಳ್ಳಿಗೆ ನನ್ನ ಬಳಿ ಬಂದರು. ಮೊದಲು ಅದರ ದನಿ ಕುಗ್ಗಿತಂತೆ. ಆಮೇಲೆ ಪರದೆಯ ತುಂಬ ಪಗಡೆ ಹಾಸಿನಂಥ ಚೌಕಗಳು ಮೂಡಿದವಂತೆ. ಅಂದೇ ತಂತಿ ಕಿತ್ತು ಮೂಲೆಗಿಟ್ಟರಂತೆ. ಅಷ್ಟು ಮಾಡಿದ್ದೇ ಪುಣ್ಯ.

ಒಳಗಿನ ಬಿಡಿಭಾಗಗಳನ್ನು ಬೆಸೆದಿರುವ ಬೋರ್ಡನ್ನು ಹೊರತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಕಡಲೆಕಾಳಿನಷ್ಟು ದಪ್ಪದ, ಬೆಳ್ಳಿ ಬಣ್ಣದ ಡಬ್ಬಿಗಳಂಥ ಕೆಪಾಸಿಟರುಗಳು, ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಬಿಡಿಭಾಗಗಳು. ಬುಡದ ಸುತ್ತ ಎಣ್ಣೆ ಚೆಲ್ಲಿದಂಥ ಮಬ್ಬು ಕಲೆ. ಬೆಸುಗೆಯ ಹೊಳಪು ಹೋಗಿ ಬೂದು ಬಣ್ಣವಾಗಿತ್ತು. ಪಕ್ಕದ ಐಸಿಯ, ಅಂದರೆ ಚಿಪ್‌ನ, ಕಾಲುಗಳಿಗೆ ಹಸಿರು. ಹುಳಿ ಹಾಕಿ ತಿಕ್ಕದೆ ಇಟ್ಟ ತಾಮ್ರದ ತಂಬಿಗೆಗೆ ಹತ್ತುತ್ತದಲ್ಲ, ಅದೇ ಕಿಲುಬು.

ಈ ಡಬ್ಬಿಯೊಳಗೆ ಅಲ್ಯೂಮಿನಿಯಂ ಹಾಳೆಗಳನ್ನೂ ದ್ರಾವಣದಲ್ಲಿ ನೆನೆಸಿದ ಕಾಗದವನ್ನೂ ಒಟ್ಟಿಗೆ ಸುರುಳಿ ಸುತ್ತಿರುತ್ತಾರೆ. ಬುಡಕ್ಕೆ ರಬ್ಬರಿನ ಬಿರಡೆ. ಬಿರಡೆ ಸೋತರೆ ದ್ರಾವಣ ಒಸರುತ್ತದೆ. 2000ದ ಆಸುಪಾಸಿನ ಎಷ್ಟೋ ಕಂಪ್ಯೂಟರುಗಳಲ್ಲಿ ಕೆಪಾಸಿಟರಿನ ತಲೆಯೇ ಉಬ್ಬಿ ರೋಗವನ್ನು ಸಾರಿ ಹೇಳುತ್ತಿತ್ತು. ಇವು ಹಾಗಲ್ಲ, ಕೆಳಗಿನಿಂದ ಕದ್ದು ತಿನ್ನುತ್ತವೆ. ಒಸರಿದ ದ್ರಾವಣದಲ್ಲಿ ವಿದ್ಯುತ್ ಹರಿಯುತ್ತದೆ. ಹರಿದಷ್ಟೂ ತಾಮ್ರ ಬೇಗ ಕರಗುತ್ತದೆ. ‘ಒಮ್ಮೆ ಚಾಲೂ ಮಾಡಿ ನೋಡೋಣ’ ಎಂಬ ಚಪಲವನ್ನು ದಯವಿಟ್ಟು ತಡೆದುಕೊಳ್ಳಿ. ಪೆಟ್ಟಿಗೆಯೊಳಗೆ ಪಿಕ್ಚರ್ ಟ್ಯೂಬ್ ಇದ್ದರಂತೂ ಬಿಚ್ಚುವ ಕೆಲಸವನ್ನು ಟಿವಿ ರಿಪೇರಿ ಬಲ್ಲವರಿಗೇ ಬಿಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು.

ಕೆಪಾಸಿಟರುಗಳನ್ನು ಕಾಯಿಸಿ ಕೀಳುವ ಮೊದಲು ಬೋರ್ಡನ್ನು ತೊಳೆಯಬೇಕು. ನಾನು ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ ಉಜ್ಜಿದೆ. ಆದರೂ ಬೆಸುಗೆ ಕಡ್ಡಿ ತಗುಲಿದ್ದೇ ತಡ, ಒಣಮೀನು ಸುಟ್ಟ ವಾಸನೆ ಮನೆ ತುಂಬ. ಶ್ರಾವಣ ಸೋಮವಾರ ಬೇರೆ. ಅವ್ವ ದೇವರ ಕೋಣೆಯಿಂದ ಎದ್ದು ಬಂದು, ನನ್ನನ್ನೊಮ್ಮೆ, ಬೋರ್ಡನ್ನೊಮ್ಮೆ ನೋಡಿ, ಮಾತಾಡದೆ ಊದುಬತ್ತಿ ಹಚ್ಚಿಟ್ಟು ಹೋದಳು.

ಡಬ್ಬಿಗಳನ್ನು ಇಕ್ಕಳದಿಂದ ತಿರುಚಿ ಕೀಳುವವರಿದ್ದಾರೆ. ನನಗೆ ಅದು ಸೇರುವುದಿಲ್ಲ. ದ್ರಾವಣ ತಿಂದ ಕಡೆ ತಾಮ್ರದ ಹಿಡಿತ ಸಡಿಲವಾಗಿರುತ್ತದೆ, ಡಬ್ಬಿಯೊಂದಿಗೆ ಅದೂ ಎದ್ದು ಬಂದರೆ ಕಥೆ ಮುಗಿಯಿತು. ಎರಡೂ ಕಾಲುಗಳಿಗೆ ಒಟ್ಟಿಗೆ ಕಾವು ಕೊಟ್ಟು, ತಾನಾಗಿ ಸರಿದಾಗ ಎತ್ತಿದೆ. ಮತ್ತೆ ತೊಳೆದೆ.

ಹಳೆಯ ಕೆಪಾಸಿಟರಿನ ಅಳತೆ 47 ಮೈಕ್ರೋಫ್ಯಾರಡ್, 16 ವೋಲ್ಟ್. ಅದಕ್ಕೆ ಬದಲು ಟ್ಯಾಂಟಲಮ್ ಎಂಬ ಲೋಹದಿಂದ ಮಾಡಿದ ಕೆಪಾಸಿಟರ್ ಹಾಕುವವರು ಒಂದು ಮಾತು ಬರೆದುಕೊಳ್ಳಿ: ಅಲ್ಯೂಮಿನಿಯಂ ಕೆಪಾಸಿಟರಿನ ಪಟ್ಟಿ ಋಣ ತುದಿಯನ್ನು ತೋರಿಸಿದರೆ, ಟ್ಯಾಂಟಲಮ್‌ನ ಪಟ್ಟಿ ಧನ ತುದಿಯನ್ನು ತೋರಿಸುತ್ತದೆ. ಅದಲುಬದಲಾದರೆ ಬೆಂಕಿಯೇ. ಮೊದಲ ಸಲ ಹಾಕುವಾಗ ನಾನೂ ಎಡವಿ, ಮೇಜಿಗೆ ಕಾಸಿನಗಲದ ಕಪ್ಪು ಕಲೆ ಮಾಡಿಕೊಂಡಿದ್ದೇನೆ.

ಎಲ್ಲ ಹಾಕಿದ ಮೇಲೂ ದನಿ ಬರಲಿಲ್ಲ. ಎರಡು ಸಂಜೆ ಮಲ್ಟಿಮೀಟರಿನ ಮುಳ್ಳು ಊರುತ್ತಾ ಹೋದೆ. ಕೊನೆಗೆ ಕೂದಲೆಳೆಯಂಥ ಒಂದು ತಾಮ್ರದ ಗೆರೆ, ಬೋರ್ಡಿಗೆ ಬಳಿದ ಹಸಿರು ಬಣ್ಣದ ಅಡಿಯಲ್ಲಿ, ಎರಡು ಮಿಲಿಮೀಟರಿನಷ್ಟು ಮಾಯವಾಗಿತ್ತು. ಕೆಟ್ಟ ಫ್ಯಾನಿನ ಮೋಟರಿನಿಂದ ಬಿಚ್ಚಿಟ್ಟುಕೊಂಡಿದ್ದ ತೆಳು ತಂತಿಯ ತುದಿಗಳನ್ನು ಕೆರೆದು ಅಲ್ಲಿ ಬೆಸೆದೆ.

ಕಂಪ್ಯೂಟರ್ ‘ಟಣ್’ ಎಂದಿತು. ಕಾಕಾ ಕುರ್ಚಿ ಎಳೆದುಕೊಂಡು ಕುಳಿತರು. ಹುಡುಕಿ ಹುಡುಕಿ ಒಂದು ಹಳೆಯ ಲಗ್ನಪತ್ರಿಕೆ ತೆರೆದರು. ಚಾಳೀಸನ್ನು ಮೂಗಿಗೇರಿಸಿ ಬಹಳ ಹೊತ್ತು ನೋಡಿದವರು, “ಅಲ್ಲಯ್ಯಾ, ‘ಆಮಂತ್ರಣ’ದಲ್ಲಿ ರಕಾರದ ಒತ್ತೇ ಇಲ್ಲವಲ್ಲ! ಐನೂರು ಪ್ರತಿ ಹಂಚಿಬಿಟ್ಟಿದ್ದಾರೆ” ಎಂದರು.

ನಮಸ್ಕಾರ.