ನಕ್ಷತ್ರದ ಪಾದ, ಮಗುವಿನ ಪಾದ

ಕೇಳುಗರೆಲ್ಲರಿಗೂ ನಮಸ್ಕಾರ. ತಲೆಗೆ ಬಟ್ಟೆ ಕಟ್ಟಿಕೊಂಡು, ಕಿವಿಗೆ ಹತ್ತಿ ಇಟ್ಟುಕೊಂಡು ಬಾಣಂತಿ ಕೋಣೆಯಲ್ಲಿ ಮಲಗಿರುವ ತಾಯಂದಿರಿಗೆ ಇನ್ನೊಂದು ನಮಸ್ಕಾರ. ಆ ಹತ್ತಿಯನ್ನು ಹದಿನೈದು ನಿಮಿಷ ತೆಗೆದಿಡಿ. ಅಜ್ಜಿ ಗದರಿದರೆ, ರೇಡಿಯೋದಲ್ಲಿ ಡಾಕ್ಟರಮ್ಮ ಹೇಳಿದರು ಎನ್ನಿ. ಬೈಗುಳ ನನಗಿರಲಿ.

ಮೂವತ್ತು ವರ್ಷ ಮಲೆನಾಡಿನ ಒಂದು ಊರಿನಲ್ಲಿ ಮಕ್ಕಳ ವೈದ್ಯೆಯಾಗಿ ಕೆಲಸ ಮಾಡಿದ್ದೇನೆ. ಮಗುವನ್ನು ತೋರಿಸಲು ಬಂದವರನ್ನು ಮೊದಲು ಕೇಳುತ್ತಿದ್ದದ್ದು, ಮಗು ಹುಟ್ಟಿದ್ದು ಯಾವಾಗ ಎಂದು. ಉತ್ತರ ಬಾಯಿತುದಿಯಲ್ಲೇ ಇರುತ್ತಿತ್ತು. ‘ಬೆಳಗಿನ ಜಾವ 4 ಗಂಟೆ 17 ನಿಮಿಷ ಡಾಕ್ಟರೇ, ಅನೂರಾಧಾ ನಕ್ಷತ್ರ, ಎರಡನೇ ಪಾದ.’ ಸಂತೋಷ. ಕತ್ತು ನಿಂತಿದ್ದು ಯಾವಾಗ? ಅಮ್ಮ ಅಜ್ಜಿಯ ಮುಖ ನೋಡುತ್ತಾಳೆ, ಅಜ್ಜಿ ಸೂರು ನೋಡುತ್ತಾರೆ, ಅಪ್ಪ ಮೊಬೈಲು ನೋಡುತ್ತಾನೆ. ಕೊನೆಗೆ ಅಜ್ಜಿಯೇ ಹೇಳುತ್ತಾರೆ: ‘ಆಗ ನಮ್ಮಲ್ಲಿ ಅಡಿಕೆ ಸುಲಿಯುತ್ತಿದ್ದರು.’ ಅಮ್ಮಾ, ಅಡಿಕೆ ಸುಲಿಯುವುದು ಒಂದೆರಡು ದಿನದ ಕೆಲಸವೇ? ನಾಲ್ಕು ತಿಂಗಳಿಗೆ ಕತ್ತು ನಿಲ್ಲುವುದಕ್ಕೂ ಆರು ತಿಂಗಳಿಗೆ ನಿಲ್ಲುವುದಕ್ಕೂ ನನಗೆ ಅಜಗಜಾಂತರ. ನಕ್ಷತ್ರದ ಪಾದ ಗೊತ್ತು, ಮಗು ನೆಲಕ್ಕೆ ಪಾದ ಊರಿದ ದಿನ ಗೊತ್ತಿಲ್ಲ.

ಆದ್ದರಿಂದ ಇವತ್ತು ನಾನು ಹೇಳುವುದು ಒಂದೇ ಮಾತು. ಕಂಡದ್ದನ್ನು, ಕಂಡ ದಿನವೇ, ತಾರೀಖು ಹಾಕಿ ಬರೆಯಿರಿ. ಈ ಭಾಷಣ ಮುಗಿಯುವುದರೊಳಗೆ ಇದನ್ನೇ ನಾಲ್ಕೈದು ಸಲ ಹೇಳುತ್ತೇನೆ. ಬೇಸರವಾದರೆ ಸಹಿಸಿಕೊಳ್ಳಿ.

ಬರೆಯಲು ಚಿನ್ನದ ಅಂಚಿನ ಆಲ್ಬಮ್ ಬೇಕಿಲ್ಲ. ಅಂಗಡಿಯಲ್ಲಿ ‘ಮಗುವಿನ ಮೊದಲ ವರ್ಷ’ ಎಂದು ಗುಲಾಬಿ, ನೀಲಿ ಬಣ್ಣದ ಪುಸ್ತಕಗಳು ಸಿಗುತ್ತವೆ. ಸೀಮಂತಕ್ಕೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಅಷ್ಟು ಚೆಂದದ ಹಾಳೆಯಲ್ಲಿ ಕೆಟ್ಟ ಅಕ್ಷರದಲ್ಲಿ ಬರೆಯುವುದು ಹೇಗೆಂದು ಹೆದರಿ, ಮಗು ಶಾಲೆಗೆ ಸೇರಿದರೂ ಅದು ಬೀರುವಿನಲ್ಲಿ ಖಾಲಿಯಾಗಿಯೇ ಇರುತ್ತದೆ. ನೂರು ಪುಟದ ಶಾಲೆ ನೋಟ್‌ಬುಕ್ ಸಾಕು. ಅದಕ್ಕೊಂದು ದಾರ ಕಟ್ಟಿ, ದಾರದ ತುದಿಗೆ ಪೆನ್ಸಿಲ್ ಕಟ್ಟಿ, ತೊಟ್ಟಿಲಿನ ಹತ್ತಿರ ಮೊಳೆಗೆ ನೇತುಹಾಕಿ. ಪೆನ್ನು ಹುಡುಕಲು ಎದ್ದರೆ ನೀವು ಬರೆಯುವುದಿಲ್ಲ, ನನಗೆ ಗೊತ್ತು.

‘ಮೊಬೈಲಿನಲ್ಲಿ ಎಲ್ಲ ಇದೆಯಲ್ಲ ಮೇಡಂ, ನಾಲ್ಕು ಸಾವಿರ ಫೋಟೋ’ ಎನ್ನುತ್ತಾರೆ. ಇರಲಿ. ಆ ನಾಲ್ಕು ಸಾವಿರದಲ್ಲಿ ಮಗು ನಗುತ್ತಿದೆ, ಹೊಸ ಅಂಗಿ ತೊಟ್ಟಿದೆ, ಕೃಷ್ಣನ ವೇಷ ಹಾಕಿದೆ. ಕರೆದಾಗ ತಿರುಗಿ ನೋಡದ ಮಗುವಿನ ಫೋಟೋವನ್ನು ಯಾರೂ ತೆಗೆಯುವುದಿಲ್ಲ. ಈ ಮಾತು ಏಕೆ ಬಂತೆಂದರೆ, ನನಗೆ ಒಂದು ಕ್ಯಾಲೆಂಡರಿನ ಕಥೆ ಹೇಳಬೇಕಾಗಿದೆ.

ಹದಿನೆಂಟೋ ಇಪ್ಪತ್ತೋ ವರ್ಷದ ಹಿಂದಿನದು. ನೋಡಿ, ತಾರೀಖು ಹಾಕಿ ಎಂದು ಊರಿಗೆಲ್ಲ ಹೇಳುವ ನಾನೇ ವರ್ಷ ಸರಿಯಾಗಿ ಹೇಳಲಾರೆ. ಮಳೆ ಹಿಡಿದ ಒಂದು ಸೋಮವಾರ, ಹೊರಗೆ ಬೆಂಚಿನ ತುಂಬ ಕೆಮ್ಮು. ಇಪ್ಪತ್ತೆರಡು ದಾಟದ ಒಬ್ಬ ಹುಡುಗಿ ಆರು ತಿಂಗಳ ಗಂಡುಮಗುವನ್ನು ಎತ್ತಿಕೊಂಡು ಒಳಗೆ ಬಂದಳು, ಹಿಂದೆ ಅತ್ತೆ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ಸಲ ಮನೆಗೆ ಬಂದರೆ ಹೆಚ್ಚು. ಮಗುವಿಗೆ ನೆಗಡಿ. ದುಂಡಗೆ ಚೆನ್ನಾಗಿತ್ತು ಮಗು. ನನ್ನ ಸ್ಟೆತಾಸ್ಕೋಪಿಗೆ ಕೈ ಹಾಕಿತು, ನನ್ನನ್ನು ನೋಡಿ ನಕ್ಕಿತು. ರೂಢಿಯಂತೆ ಪಕ್ಕದಲ್ಲಿ ಚಪ್ಪಾಳೆ ತಟ್ಟಿದೆ, ತಿರುಗಿತು. ಮೂಗಿಗೆ ಹನಿ ಬರೆದುಕೊಟ್ಟೆ. ಮುಂದಿನವರನ್ನು ಕರೆಯಬೇಕು ಎನ್ನುವಾಗ ಅವಳ ಕಂಕುಳಲ್ಲಿ ಸುರುಳಿ ಸುತ್ತಿದ ಗೋಡೆ ಕ್ಯಾಲೆಂಡರ್ ಕಂಡಿತು.

‘ಇದೇನಮ್ಮ?’ ಎಂದೆ. ‘ಹಾಲಿನ ಲೆಕ್ಕ ಮೇಡಂ. ಇಲ್ಲಿಂದ ಡೈರಿಗೆ ಹೋಗಬೇಕು, ಅವರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆಯಾಗುತ್ತಿಲ್ಲ’ ಎಂದಳು. ಆಮೇಲೆ ಸ್ವಲ್ಪ ನಾಚಿಕೊಂಡು, ‘ಮಗುವಿನ ವಿಷಯವನ್ನೂ ಇದರಲ್ಲೇ ಬರೆಯುತ್ತೇನೆ, ಅವರು ಬಂದಾಗ ಓದಲಿ ಎಂದು’ ಎಂದಳು. ಅತ್ತೆ, ‘ಇವಳಿಗೆ ಒಂಥರಾ ಹುಚ್ಚು’ ಎಂದು ನನ್ನ ಕ್ಷಮೆ ಕೇಳುವವರಂತೆ ನಕ್ಕರು.

ನನಗೆ ಇಂಥ ಹುಚ್ಚು ಇಷ್ಟ. ಬಿಚ್ಚಿ ನೋಡಿದೆ. ಪ್ರತಿ ಚೌಕದಲ್ಲೂ ಮೇಲೆ ಹಾಲಿನ ಲೀಟರು, ಕೆಳಗೆ ಪೆನ್ಸಿಲಿನಲ್ಲಿ ಇರುವೆ ಸಾಲಿನಂಥ ಅಕ್ಷರ. ‘ಬೋರಲು ಬಿದ್ದ. ವಾಪಸ್ ಬರಲಾಗದೆ ಅತ್ತ.’ ‘ತನ್ನ ಕೈಯನ್ನೇ ನೋಡಿಕೊಂಡ.’ ‘ಅಜ್ಜಿಯ ಮೂಗುಬಟ್ಟು ಎಳೆದ.’ ಓದುತ್ತಾ ಓದುತ್ತಾ ಒಂದು ಚೌಕದಲ್ಲಿ ನಿಂತೆ. ‘ಕುಕ್ಕರ್ ಕೂಗಿತು. ಬೆಚ್ಚಲಿಲ್ಲ.’ ಎರಡು ದಿನ ಬಿಟ್ಟು, ‘ತಟ್ಟೆ ಬಿತ್ತು. ನಾನೇ ಹಾರಿಬಿದ್ದೆ. ಅವನು ಮಲಗಿಯೇ ಇದ್ದ.’ ಅದರ ಮುಂದಿನ ವಾರ, ‘ಹಿಂದಿನಿಂದ ಕರೆದೆ, ನೋಡಲಿಲ್ಲ. ಮುಂದೆ ಬಂದೆ, ನಕ್ಕ.’ ಹಾಳೆ ಹಿಂದಕ್ಕೆ ಮಗುಚಿದೆ. ಹಿಂದಿನ ತಿಂಗಳೂ ಅದೇ. ಅವಳು ಅದನ್ನು ದೂರು ಎಂದು ಬರೆದಿರಲಿಲ್ಲ. ಮೂಗುಬಟ್ಟು ಎಳೆದದ್ದನ್ನು ಬರೆದ ಹಾಗೆಯೇ ಇದನ್ನೂ ಬರೆದಿದ್ದಳು, ಅಷ್ಟೇ.

ಅತ್ತೆಯ ಬಳಿ ವಿವರಣೆ ಸಿದ್ಧವಾಗಿತ್ತು. ‘ಅವನ ಅಪ್ಪನ ಹಾಗೆ ಮೇಡಂ, ಮಲಗಿದರೆ ಡೋಲು ಬಡಿದರೂ ಏಳುವುದಿಲ್ಲ.’ ಆ ಹುಡುಗಿ ‘ಗಾಢ ನಿದ್ದೆಯ ಮಗು’ ಎಂದು ಬರೆದಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಅವಳು ತನಗೆ ಕಂಡದ್ದನ್ನು ಬರೆದಳು, ಕಂಡ ದಿನವೇ ಬರೆದಳು, ತಾರೀಖಂತೂ ಕ್ಯಾಲೆಂಡರಿನವರೇ ಅಚ್ಚು ಹಾಕಿ ಕೊಟ್ಟಿದ್ದರು.

ಮಗುವನ್ನು ಮತ್ತೆ ಅಮ್ಮನ ತೊಡೆಯ ಮೇಲೆ ಕೂರಿಸಿದೆ. ನರ್ಸ್ ಮುಂದೆ ನಿಂತು ಗೊಂಬೆ ತೋರಿಸಿದರು. ನಾನು ಅದರ ಕಣ್ಣಿಗೆ ಬೀಳದ ಹಾಗೆ ಹಿಂದೆ ನಿಂತು ಸ್ಟೀಲ್ ಲೋಟಕ್ಕೆ ಚಮಚದಿಂದ ಬಡಿದೆ. ಹೊರಗೆ ಬೆಂಚಿನಲ್ಲಿದ್ದ ಮಕ್ಕಳೆಲ್ಲ ಇಣುಕಿ ನೋಡಿದರು. ಈ ಮಗು ಗೊಂಬೆಯನ್ನೇ ನೋಡುತ್ತಿತ್ತು. ಮೊದಲು ನಾನು ಚಪ್ಪಾಳೆ ತಟ್ಟಿದಾಗ ಅದು ತಿರುಗಿದ್ದು ನನ್ನ ಕೈ ಆಡಿದ್ದು ಕಂಡು. ಕಿವಿಗೆ ಏನೂ ಬಿದ್ದಿರಲಿಲ್ಲ. ಇಷ್ಟು ವರ್ಷದ ಅನುಭವದ ಡಾಕ್ಟರು ತಪ್ಪಿದ್ದನ್ನು ಹಾಲಿನ ಲೆಕ್ಕದ ಕ್ಯಾಲೆಂಡರ್ ಹಿಡಿಯಿತು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಇರುವ ಸಂಸ್ಥೆ. ಅಲ್ಲಿಗೆ ಬರೆದುಕೊಟ್ಟೆ. ಎರಡು ಬಸ್ಸು ಬದಲಿಸಿ ಹೋದರು. ಎಂಟು ತಿಂಗಳಿಗೆಲ್ಲ ಮಗುವಿನ ಎರಡೂ ಕಿವಿಗೆ ಶ್ರವಣ ಯಂತ್ರ ಬಂತು, ಮಾತಿನ ತರಬೇತಿ ಶುರುವಾಯಿತು. ಒಂದು ದಿನ ಅವಳು ಕ್ಯಾಲೆಂಡರಿನ ಒಂದು ಚೌಕವನ್ನು ಕತ್ತರಿಸಿ ತಂದು ನನ್ನ ಮೇಜಿನ ಮೇಲಿಟ್ಟಳು. ‘ಕುಕ್ಕರ್ ಕೂಗಿತು. ಅತ್ತ.’ ಮೂರೇ ಪದ. ಮೇಜಿನ ಗಾಜಿನ ಕೆಳಗೆ ಅದು ಇಂದಿಗೂ ಇದೆ. ಆ ಹುಡುಗ ಈಗ ಡಿಪ್ಲೊಮಾ ಓದುತ್ತಿದ್ದಾನೆ, ಫೋನಿನಲ್ಲಿ ಅಮ್ಮನ ಜೊತೆ ಗಂಟೆಗಟ್ಟಲೆ ಜಗಳವಾಡುತ್ತಾನಂತೆ.

ಹುಟ್ಟಿದ ಕೂಡಲೇ ಕಿವಿ ಪರೀಕ್ಷೆ ಮಾಡುವ ಪದ್ಧತಿ ಆಗ ನಮ್ಮ ಊರಿಗೆ ಬಂದಿರಲಿಲ್ಲ. ಈಗ ಇದೆ. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಈ ಒಂದು, ಮೂರು, ಆರನ್ನು ನಿಮ್ಮ ನೋಟ್‌ಬುಕ್ಕಿನ ರಟ್ಟಿನ ಮೇಲೇ ಬರೆದುಕೊಳ್ಳಿ. ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ ‘ಊ, ಆ’ ಎನ್ನುತ್ತದೆ. ಅದನ್ನು ಕೇಳಿ ಮನೆಯವರು ನಿಶ್ಚಿಂತೆಯಾಗುತ್ತಾರೆ.

ಸ್ಟುಡಿಯೋದ ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಕಥೆ ಉದ್ದವಾಯಿತು. ಉದ್ದವಾಗುತ್ತದೆಂದು ನನಗೆ ಮೊದಲೇ ಗೊತ್ತಿತ್ತು.

ಅಪ್ಪಂದಿರು ಕೇಳುತ್ತಿದ್ದೀರಾ? ಬರೆಯುವುದು ಹೆಂಗಸರ ಕೆಲಸ ಎಂದುಕೊಂಡವರು ಚಾರ್ಲ್ಸ್ ಡಾರ್ವಿನ್ ಹೆಸರು ಕೇಳಿರಬೇಕು. ಅವರ ಮೊದಲ ಮಗ ಹುಟ್ಟಿದ್ದು 1839ರ ಡಿಸೆಂಬರ್ 27ರಂದು. ಅಪ್ಪ ಮೊದಲ ವಾರದಿಂದಲೇ ಬರೆಯತೊಡಗಿದರು. ಏಳನೇ ದಿನ ಅಂಗಾಲಿಗೆ ಕಾಗದದ ಚೂರು ಸೋಕಿಸಿದರೆ ಮಗು ಕಾಲು ಸರಕ್ಕನೆ ಎಳೆದುಕೊಂಡಿತು ಎಂದು ಬರೆದರು. ಸರಿಯಾಗಿ ಒಂದು ವರ್ಷ ತುಂಬಿದಾಗ ಊಟಕ್ಕೆ ‘ಮಮ್’ ಎಂಬ ಪದವನ್ನು ಮಗು ತಾನೇ ಕಟ್ಟಿಕೊಂಡಿತು ಎಂದು ಬರೆದರು. ಆ ಟಿಪ್ಪಣಿಗಳು ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಲೇಖನವಾಗಿ ಬಂದದ್ದು 1877ರಲ್ಲಿ. ಅಷ್ಟು ಹೊತ್ತಿಗೆ ಮಗನಿಗೆ ಮೂವತ್ತೇಳು ವರ್ಷ. ನೆನಪನ್ನು ನಂಬಿ ಬರೆದಿದ್ದರೆ ‘ಏಳನೇ ದಿನ’ ಎಲ್ಲಿಂದ ಬರಬೇಕು? ನಮ್ಮ ಅಜ್ಜಿಯರ ಲೆಕ್ಕದಲ್ಲಿ ಅದು ‘ಅಡಿಕೆ ಸುಲಿಯುವಾಗ’ ಆಗುತ್ತಿತ್ತು.

ಕಂಡದ್ದನ್ನು ಎಂದೆ. ಇದರಲ್ಲೇ ಎಲ್ಲರೂ ಎಡವುತ್ತಾರೆ. ‘ನಾಲ್ಕನೇ ತಿಂಗಳಿಗೇ ತಾತ ಎಂದು ಕರೆಯಿತು’ ಎಂದು ತಾತ ಹೇಳುತ್ತಾರೆ. ಕರೆದದ್ದು ಫ್ಯಾನನ್ನು. ನೀವು ಬರೆಯಬೇಕಾದದ್ದು: ‘ತಾತಾತಾ ಎಂದಿತು, ಫ್ಯಾನ್ ನೋಡಿಕೊಂಡು.’ ತಾತನಿಗೆ ಬೇಸರವಾದರೂ ಚಿಂತೆಯಿಲ್ಲ. ‘ಚುರುಕಾಗಿದೆ’, ‘ಜಾಣ’, ‘ಸೋಮಾರಿ’, ಇಂಥವು ಬೇಡವೇ ಬೇಡ. ಬಲಗೈಯಲ್ಲಿ ಗಿಲಕಿ ಹಿಡಿಯಿತು, ಎಡಗೈ ಮುಷ್ಟಿ ಬಿಚ್ಚಲಿಲ್ಲ. ಹಾಗೆ ಬರೆದರೆ ನನಗೆ ಕೆಲಸಕ್ಕೆ ಬರುತ್ತದೆ.

ಬರೆದಿಟ್ಟರೆ ದೃಷ್ಟಿ ತಗಲುತ್ತದೆ ಎನ್ನುವ ಅಜ್ಜಿಯಂದಿರೂ ಇದ್ದಾರೆ. ಮಗುವಿನ ಕೆನ್ನೆಗೆ ಇಡುವ ಕಾಡಿಗೆಯಲ್ಲೇ ನೋಟ್‌ಬುಕ್ಕಿನ ಮೂಲೆಗೂ ಒಂದು ಬೊಟ್ಟು ಇಡಿ ಅಜ್ಜಿ. ನನ್ನದೇನೂ ಅಭ್ಯಂತರವಿಲ್ಲ. ಅಷ್ಟಕ್ಕೂ ಹೊಸಿಲು ದಾಟಿದ ದಿನ ಹೊಸಿಲಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಬೆಲ್ಲ ಹಂಚಿ ಬೀದಿಗೆಲ್ಲ ಸಾರುವವರು ನೀವೇ. ಬೆಲ್ಲ ಹಂಚಿದ ಮೇಲೆ ಒಂದು ಸಾಲು ಬರೆಯಲು ಏನು ಕಷ್ಟ?

ಪಕ್ಕದ ಮನೆಯ ಮಗು ಹತ್ತು ತಿಂಗಳಿಗೆ ನಡೆಯಿತು, ನಮ್ಮದು ಇನ್ನೂ ಗೋಡೆ ಹಿಡಿಯುತ್ತಿದೆ ಎಂದು ಅಳುತ್ತಾ ಬರುವವರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯವರು ಭಾರತವೂ ಸೇರಿದಂತೆ ಬೇರೆ ಬೇರೆ ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಅಂಕಿ ಕೊಟ್ಟರು. ಆಧಾರವಿಲ್ಲದೆ ಕುಳಿತುಕೊಳ್ಳಲು ಸುಮಾರು 4ರಿಂದ 9 ತಿಂಗಳು, ತಾನಾಗಿ ನಡೆಯಲು 8ರಿಂದ ಹದಿನೇಳೂವರೆ ತಿಂಗಳು. ಎಷ್ಟು ಅಗಲದ ಬಾಗಿಲು ನೋಡಿ! ಕೆಲವು ಮಕ್ಕಳು ಅಂಬೆಗಾಲು ಇಡದೆಯೇ ನೇರವಾಗಿ ಎದ್ದು ನಡೆದವು. ಪಕ್ಕದ ಮನೆಯ ಮಗು ನಿಮ್ಮ ನೋಟ್‌ಬುಕ್ಕಿನಲ್ಲಿ ಬರಕೂಡದು. ದಿನ ತುಂಬುವ ಮೊದಲು ಹುಟ್ಟಿದ ಮಗುವಾದರೆ, ಎಷ್ಟು ವಾರ ಮುಂಚೆ ಹುಟ್ಟಿತೋ ಅಷ್ಟನ್ನು ವಯಸ್ಸಿನಿಂದ ಕಳೆಯಿರಿ. ಎರಡು ವರ್ಷದವರೆಗೂ ಹಾಗೆಯೇ ಲೆಕ್ಕ ಹಾಕಿ.

ಆದರೆ ಎರಡು ವಿಷಯಕ್ಕೆ ಕಾಯಬೇಡಿ. ಬರುತ್ತಿದ್ದದ್ದು ಹೋದರೆ, ಅಂದರೆ ಹಿಡಿಯುತ್ತಿದ್ದ ಮಗು ಹಿಡಿಯುವುದನ್ನು ಬಿಟ್ಟರೆ, ಆಡುತ್ತಿದ್ದ ಮಾತು ನಿಂತರೆ, ಅಂದೇ ಬನ್ನಿ. ಇನ್ನೊಂದು, ನಿದ್ದೆಯಿಂದ ಎದ್ದ ಹೊತ್ತಿನಲ್ಲಿ ಮಗು ತಲೆ ಬಗ್ಗಿಸಿ, ಕೈಗಳನ್ನು ಮುಂದೆ ಚಾಚಿ, ನಮಸ್ಕಾರ ಮಾಡಿದ ಹಾಗೆ ಮತ್ತೆ ಮತ್ತೆ ಬೆಚ್ಚಿದರೆ. ಅದನ್ನು ಹೊಟ್ಟೆನೋವು ಎಂದುಕೊಂಡು ತಿಂಗಳುಗಟ್ಟಲೆ ಓಮದ ನೀರು ಕುಡಿಸಿದವರನ್ನು ನೋಡಿದ್ದೇನೆ. ಅದು ಒಂದು ಬಗೆಯ ಮೂರ್ಛೆ ಇರಬಹುದು. ನಾನು ಇಷ್ಟು ಹೊತ್ತು ಹಳಿದ ಮೊಬೈಲು ಇಲ್ಲಿ ದೇವರಂತೆ ಕೆಲಸಕ್ಕೆ ಬರುತ್ತದೆ. ವಿಡಿಯೋ ಮಾಡಿಕೊಂಡು ಅವತ್ತೇ ಆಸ್ಪತ್ರೆಗೆ ಹೊರಡಿ. ಡಾಕ್ಟರ ಮುಂದೆ ಮಗು ಅದನ್ನು ಮಾಡಿ ತೋರಿಸುವುದಿಲ್ಲ.

ತಾಯಿ ಕಾರ್ಡಿನ ವಿಷಯ ಹೇಳಲು ಸಮಯ ಉಳಿದಿಲ್ಲ. ಅದರಲ್ಲಿ ತೂಕದ ಗೆರೆ ಇದೆ, ಮಗುವಿನ ಬೆಳವಣಿಗೆಯ ಚಿತ್ರಗಳಿವೆ, ಅಂಗನವಾಡಿಯಲ್ಲಿ ತುಂಬಿಸಿಕೊಳ್ಳಿ. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಮನೆಯಲ್ಲಿ ಇಡಬೇಡಿ. ಆರು, ಹತ್ತು, ಹದಿನಾಲ್ಕನೇ ವಾರ, ಆಮೇಲೆ ಒಂಬತ್ತನೇ ತಿಂಗಳು ಲಸಿಕೆಗೆ ಹೇಗೂ ಹೋಗುತ್ತೀರಿ. ಕಾರ್ಡಿನ ಜೊತೆ ನೋಟ್‌ಬುಕ್ಕನ್ನೂ ಒಯ್ಯಿರಿ. ಡಾಕ್ಟರು ಓದದಿದ್ದರೆ ನೀವೇ ಓದಿ ಹೇಳಿ.

ಮಗುವಿಗೆ ಆಗಲೇ ಏಳು ತಿಂಗಳು, ಇಷ್ಟು ದಿನ ಬರೆದಿಲ್ಲ ಎನ್ನುವವರು ಇವತ್ತಿನಿಂದ ಶುರು ಮಾಡಿ. ಹಿಂದಿನದನ್ನು ಊಹಿಸಿ ತುಂಬಬೇಡಿ, ಖಾಲಿ ಬಿಡಿ. ಊಹೆಯ ಗತಿ ಏನಾಗುತ್ತದೆಂದು ನನಗೆ ಗೊತ್ತು. ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ನೋಟ್‌ಬುಕ್ಕಿನಲ್ಲಿ ನಲವತ್ತು ಪುಟ ಬರೆದಿದ್ದೇನೆ. ಚಿಕ್ಕವಳದರಲ್ಲಿ ಎರಡು ಪುಟ, ಎರಡನೆಯದರಲ್ಲಿ ಅರ್ಧ ದಿನಸಿ ಪಟ್ಟಿ. ಹೋದ ತಿಂಗಳು ಚಿಕ್ಕವಳು ತನ್ನ ಮಗುವನ್ನು ಎತ್ತಿಕೊಂಡು ಬಂದು, ‘ಅಮ್ಮ, ನಾನು ಎಷ್ಟು ತಿಂಗಳಿಗೆ ನಡೆದೆ?’ ಎಂದು ಕೇಳಿದಳು. ಮಕ್ಕಳ ಡಾಕ್ಟರಲ್ಲವೇ, ತಡವರಿಸದೆ ‘ಹನ್ನೊಂದು’ ಎಂದೆ. ರಾತ್ರಿ ಪೆಟ್ಟಿಗೆ ತೆಗೆದು ನೋಡಿದರೆ, ಹನ್ನೊಂದು ತಿಂಗಳು ಅವಳ ಅಕ್ಕನದು. ಇವಳಿಗೆ ಇನ್ನೂ ಹೇಳಿಲ್ಲ. ಈಗ ರೇಡಿಯೋದಲ್ಲಿ ಕೇಳಿಸಿಕೊಂಡಿರುತ್ತಾಳೆ.

ನಮಸ್ಕಾರ.