ಸತ್ತವರ ಕಾಮೆಂಟರಿ

ನಮಸ್ಕಾರ ಎಲ್ಲರಿಗೂ. ಇವತ್ತು ಊರು ಸುತ್ತುವ ವ್ಲಾಗ್ ಅಲ್ಲ. ಸ್ಕ್ರೀನ್ ಮೇಲೆ ಕಾಣುತ್ತಿರುವುದು ಎರಾಂಗೆಲ್ ಮ್ಯಾಪ್. ಬಿಜಿಎಂಐ ಅನ್ನುವುದು ಮೊಬೈಲ್‌ನಲ್ಲಿ ಆಡುವ ಗುಂಡು ಹಾರಿಸುವ ಆಟ, ಅದನ್ನು ಆಡುವವರಿಗೆ ಈ ಮ್ಯಾಪಿನ ಸಂದಿಗೊಂದಿಯೆಲ್ಲ ತಮ್ಮ ಊರಿನಷ್ಟೇ ಗೊತ್ತು. 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ. ವಿಮಾನದಿಂದ 100 ಜನ ಹಾರುತ್ತಾರೆ, ಕೊನೆಗೆ ಉಳಿಯುವುದು ಒಂದೇ ತಂಡ. ಹೇಗೆ ಗೆಲ್ಲಬೇಕು ಅಂತ ಹೇಳಿಕೊಡುವ ವಿಡಿಯೋ ಬೇಕಾದಷ್ಟಿವೆ. ನಾನು ಕೇಳಿಸಬೇಕು ಅಂತಿರುವುದು ಆಟದ ಮಧ್ಯೆ ನಡೆಯುವ ಮಾತು. ರಾತ್ರಿ ಊಟ ಮುಗಿಸಿ ನಮ್ಮ ಗುಂಪು ಡಿಸ್ಕಾರ್ಡ್ ಅನ್ನುವ ಮಾತಾಡುವ ಆ್ಯಪ್‌ನಲ್ಲಿ ಸೇರಿದಾಗ ಒಬ್ಬರನ್ನೊಬ್ಬರು ರೇಗಿಸುವ ಮಾತು.

ಇಲ್ಲಿ ಯಾರ ನಿಜವಾದ ಹೆಸರನ್ನೂ ಹೇಳುವುದಿಲ್ಲ. ಗುಂಪಿನಲ್ಲಿ ಯಾರೂ ಹೆಸರು ಹಿಡಿದು ಕರೆಯುವುದೂ ಇಲ್ಲ. ಗೇಮ್‌ನಲ್ಲಿ ಯಾರು ಏನು ಮಾಡುತ್ತಾರೋ ಅದೇ ಹೆಸರಾಗಿ ಅಂಟಿಕೊಂಡುಬಿಡುತ್ತದೆ. ಸಿಕ್ಕಿದ ಫಸ್ಟ್ ಏಡ್ ಎಲ್ಲ ಬ್ಯಾಗಿಗೆ ತುಂಬಿಕೊಂಡು, ಕೇಳಿದರೆ ಒಂದು ಬ್ಯಾಂಡೇಜ್ ಬಿಸಾಡುವವರು ಡಾಕ್ಟ್ರು. ಮನೆಯ ಬಾತ್‌ರೂಮಿನಲ್ಲಿ ಮಲಗಿಕೊಂಡು ಶತ್ರುಗಳಿಗೆ ಕಾಯುವವನು ಸ್ನಾನದಣ್ಣ. ಯಾವ ಗಾಡಿ ಸಿಕ್ಕಿದರೂ ಮೊದಲು ಓಡಿಹೋಗಿ ಸ್ಟೀರಿಂಗ್ ಹಿಡಿಯುವ ಮಂಡ್ಯದವನು ಸಾರಥಿ. ಹುಬ್ಬಳ್ಳಿಯವನು ಪೇಂಟರ್. ಅದು ಯಾಕೆ ಅಂತ ಈ ಕ್ಲಿಪ್ ನೋಡಿದರೆ ಗೊತ್ತಾಗುತ್ತದೆ.

ಜಾಗ ಪೊಚಿಂಕಿ, ಆ ಮ್ಯಾಪಿನಲ್ಲಿರುವ ಒಂದು ಊರು. ಎರಡು ಅಂತಸ್ತಿನ ಮನೆ. ಪೇಂಟರ್ ನಾಕ್ ಆಗಿ, ಅಂದರೆ ಗುಂಡು ತಿಂದು ಬಿದ್ದು, ನೆಲದ ಮೇಲೆ ತೆವಳುತ್ತಿದ್ದಾನೆ. ದಾವಣಗೆರೆಯ ಅಕ್ಕ ರಸ್ತೆಯ ಆ ಕಡೆಯಿಂದ ಓಡಿಬಂದು ಅವನನ್ನು ರಿವೈವ್ ಮಾಡುತ್ತಿದ್ದಾರೆ. ರಿವೈವ್ ಆಗುವುದಕ್ಕೆ 10 ಸೆಕೆಂಡ್ ಬೇಕು. ಅಷ್ಟು ಹೊತ್ತು ಎಬ್ಬಿಸುವವರೂ ಅಲ್ಲಾಡುವ ಹಾಗಿಲ್ಲ, ಬಿದ್ದವನೂ ಅಲ್ಲಾಡುವ ಹಾಗಿಲ್ಲ. ಕೆಳಗೆ ಯಾರದೋ ಹೆಜ್ಜೆ ಸದ್ದು ಕೇಳುತ್ತಿದೆ. ಆಗ ಅಕ್ಕ ಶುರುಮಾಡುತ್ತಾರೆ.

"ಆ ಗೋಡೆ ನಿನಗೇನು ಮಾಡಿತ್ತಪ್ಪ? ನಲವತ್ತು ಗುಂಡೂ ಅದಕ್ಕೇ ಹೊಡೆದ್ಯಲ್ಲ."

"ಅಕ್ಕಾ, ಮೊದ್ಲ ಎಬ್ಬಸ್ರೀ. ಆಮ್ಯಾಲೆ ಬೈರಿ."

"ಎಬ್ಬಿಸ್ತಾನೇ ಇದ್ದೀನಿ. ಸುಣ್ಣ ಒಣಗೋವರೆಗೂ ಸುಮ್ನೆ ಮಲಗಿರು."

ಅಷ್ಟರಲ್ಲಿ ಅವನು ಎದ್ದು ನಿಂತ. ಈ ಕ್ಲಿಪ್ ನನಗೆ ತುಂಬಾ ಇಷ್ಟ. ಅಕ್ಕನ ಬಾಯಲ್ಲಿ ಬರೀ ತಮಾಷೆ ಇದೆ, ಆದರೆ ಮೈಮೇಲೆ ಗುಂಡು ಬೀಳುತ್ತಿದ್ದರೂ ಅವರು ರಸ್ತೆ ದಾಟಿ ಬಂದಿದ್ದಾರೆ. ಅವರ ಹೆಲ್ತ್ ಬಾರ್ ನೋಡಿ, ಕಾಲು ಭಾಗವೂ ಉಳಿದಿಲ್ಲ. ಅದರ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ. ಮ್ಯಾಚ್ ಮುಗಿದ ಮೇಲೆ ರೆಕಾರ್ಡಿಂಗ್ ನೋಡುವಾಗಷ್ಟೇ ನಮಗೆ ಗೊತ್ತಾಗಿದ್ದು.

ಈ ಗೇಮ್‌ನಲ್ಲಿ ಮಾತು ಇಷ್ಟೊಂದು ಹುಟ್ಟುವುದಕ್ಕೆ ಕಾರಣ ಇದೆ. ಒಂದು ಮ್ಯಾಚ್ ಅಂದರೆ ಹೆಚ್ಚುಕಡಿಮೆ ಅರ್ಧ ಗಂಟೆ. ಅದರಲ್ಲಿ ಗುಂಡಿನ ಸದ್ದು ಕೇಳುವುದು ಕೆಲವೇ ನಿಮಿಷ. ಉಳಿದದ್ದೆಲ್ಲ ಕಾಯುವುದು, ನಡೆಯುವುದು, ಲೂಟ್ ಹುಡುಕುವುದು, ಅಂದರೆ ಅಲ್ಲಲ್ಲಿ ಬಿದ್ದಿರುವ ಗನ್, ಔಷಧಿ ಆರಿಸಿಕೊಳ್ಳುವುದು. ಸಿಕ್ಕಿದವರ ಪ್ರಾಣ ಹಿಂಡುತ್ತಾ ಹತ್ತಿರ ಬರುವ ಬ್ಲೂ ಝೋನ್ ಬಂತು ಅಂತ ಗಾಡಿ ಹತ್ತಿ ಓಡುವುದು. ಇನ್ನು ಬೇಗ ಸತ್ತವರಿಗಂತೂ ಬೇರೆ ಕೆಲಸವೇ ಇಲ್ಲ. ಬದುಕಿರುವ ಗೆಳೆಯನ ಸ್ಕ್ರೀನ್ ನೋಡುತ್ತಾ ಕೂರಬೇಕು. ನಮ್ಮಲ್ಲಿ ಒಳ್ಳೊಳ್ಳೆ ಮಾತು ಬರುವುದೆಲ್ಲ ಸತ್ತವರಿಂದಲೇ. ನಮ್ಮ ಗುಂಪಿನಲ್ಲಿ ನಲವತ್ತು ದಾಟಿದ ಹಿರಿಯರೊಬ್ಬರಿದ್ದಾರೆ. ಅವರು ಸೈಬರ್ ಕೆಫೆಯಲ್ಲಿ ಕೌಂಟರ್ ಸ್ಟ್ರೈಕ್ ಆಡಿ ಬೆಳೆದವರು. ಆಗಲೂ ಹಾಗೇ ಇತ್ತಂತೆ. ಸತ್ತವನು ರೌಂಡ್ ಮುಗಿಯುವವರೆಗೂ ಕಾಯಬೇಕು. ಕಾಯುತ್ತಾ ಪಕ್ಕದ ಕಂಪ್ಯೂಟರ್‌ನವನ ಬೆನ್ನ ಹಿಂದೆ ನಿಂತು ಅವನ ತಲೆ ತಿನ್ನುವುದು.

ಸ್ನಾನದಣ್ಣ ಒಬ್ಬನೇ ಉಳಿದ ರಾತ್ರಿ ನೀವು ನಮ್ಮ ಚಾನೆಲ್‌ನಲ್ಲಿ ಇರಬೇಕಿತ್ತು. ನಾವು ಮೂವರೂ ಸತ್ತಿದ್ದೆವು. ಅವನು ಬಾತ್‌ರೂಮ್ ಸೇರಿದ.

"ಅಣ್ಣಾ, ಬಿಸಿನೀರು ಬಂತಾ?"

"ಬೆನ್ನುಜ್ಜೋಕೆ ಯಾರಾದ್ರೂ ಬೇಕಾ?"

"ಇವತ್ತು ಎಣ್ಣೆ ಸ್ನಾನ ಕಣ್ರೋ, ಲೇಟಾಗುತ್ತೆ."

ಅವನು ಬಾಯೇ ಬಿಡಲಿಲ್ಲ. ಬಾಗಿಲು ತೆಗೆದುಕೊಂಡು ಬಂದ ಇಬ್ಬರನ್ನೂ ಹೊಡೆದು, ಆಮೇಲೆ ಮೈಕ್ ಆನ್ ಮಾಡಿ "ಟವೆಲ್ ಕೊಡ್ರೋ" ಅಂದ. ಆ ನಗು ನಿಲ್ಲುವುದಕ್ಕೆ ಎಷ್ಟು ಹೊತ್ತು ಬೇಕಾಯಿತು ಅಂತ ರೆಕಾರ್ಡಿಂಗ್‌ನಲ್ಲೇ ಇದೆ, ಪೂರ್ತಿ ಹಾಕಿದ್ದೇನೆ, ಕೇಳಿ.

ಯಾರೋ ಗೊತ್ತಿಲ್ಲದವರ ಜೊತೆ ರ‍್ಯಾಂಡಮ್ ಸ್ಕ್ವಾಡ್ ಆಡಿದವರಿಗೆ ಇದಕ್ಕೂ ಅದಕ್ಕೂ ಇರುವ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿ ಲೂಟ್ ತೆಗೆದುಕೊಂಡರೆ ಬೈಗುಳ, ನಾಕ್ ಆದರೆ ಬೈಗುಳ. ನೇರವಾಗಿ ಅಮ್ಮ, ಅಕ್ಕ ಅಂತಲೇ ಶುರು. ಮ್ಯಾಚ್ ಮುಗಿದರೆ ಮತ್ತೆ ಮುಖ ನೋಡುವ ಪ್ರಸಂಗವೇ ಇಲ್ಲವಲ್ಲ, ಅದಕ್ಕೆ ಏನು ಬೇಕಾದರೂ ಅನ್ನಬಹುದು ಅನಿಸಿಬಿಡುತ್ತದೆ. ಬೈಯುವುದಕ್ಕೆ ಎದುರಿನವರ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ. ಕಾಲೆಳೆಯುವುದಕ್ಕೆ ಗೊತ್ತಿರಬೇಕು. ಅವನು ಯಾವ ಗನ್ ಹಿಡಿಯುತ್ತಾನೆ, ಯಾವಾಗ ಗಾಬರಿಯಾಗುತ್ತಾನೆ, ಯಾವ ಮಾತಿಗೆ ನಗುತ್ತಾನೆ, ಯಾವ ಮಾತು ಚುಚ್ಚುತ್ತದೆ, ಎಲ್ಲವೂ. ಇದು ತಿಂಗಳುಗಟ್ಟಲೆ ಜೊತೆಗೆ ಆಡದೆ ಬರುವುದಿಲ್ಲ.

ಅಕ್ಕ ಮೊದಲು ರ‍್ಯಾಂಡಮ್ ಮ್ಯಾಚ್‌ಗಳಲ್ಲಿ ಮೈಕ್ ಆನ್ ಮಾಡುತ್ತಲೇ ಇರಲಿಲ್ಲ. ಹೆಣ್ಣಿನ ದನಿ ಕೇಳಿದ ಕೂಡಲೇ ಏನೇನು ಮಾತು ಬರುತ್ತವೆ ಅಂತ ಗೇಮ್ ಆಡುವ ಯಾವ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ. ನಮ್ಮ ಗುಂಪಿಗೆ ಬಂದಾಗಲೂ ಬಹಳ ದಿನ ಅವರು ಬರೀ ಟೈಪ್ ಮಾಡುತ್ತಿದ್ದರು. ಒಂದು ರಾತ್ರಿ ಸಾರಥಿ ಬೈಕನ್ನು ಗುಡ್ಡದ ಮೇಲಿಂದ ಹಾರಿಸಿ ಮೂವರನ್ನೂ ಕೆಡವಿದ. ಆಗ ಮೊದಲ ಸಲ ಒಂದು ಹೊಸ ದನಿ ಕೇಳಿತು. "ಇವನಿಗೆ ಲೈಸೆನ್ಸ್ ಕೊಟ್ಟ ಪುಣ್ಯಾತ್ಮ ಯಾರು, ಅವರ ಅಡ್ರೆಸ್ ಕೊಡಿ." ಎರಡು ಕ್ಷಣ ಎಲ್ಲರೂ ತೆಪ್ಪಗಾದೆವು. ಆಮೇಲೆ ಸಾರಥಿ, "ಅಕ್ಕಾ, ಅವ್ರೂ ನನ್ ಗಾಡೀಲೆ ಕೂತಿದ್ರು, ಆಗ್ಲೇ ಸತ್ರು ಕನಕ್ಕಾ" ಅಂದ. ಅವತ್ತಿನಿಂದ ಅಕ್ಕನ ಮೈಕ್ ಆಫ್ ಆಗಿಲ್ಲ.

ಇನ್ನೊಬ್ಬನ ವಿಷಯ ಹೇಳಲೇಬೇಕು. ಕುಂದಾಪುರದವನು, ಈಗ ಕೆಲಸಕ್ಕೆ ಕುವೈತ್‌ನಲ್ಲಿದ್ದಾನೆ. ಬಿಜಿಎಂಐ ಭಾರತದಲ್ಲಿರುವವರಿಗೆ ಅಂತಲೇ ಮಾಡಿದ ಗೇಮ್, ಅಲ್ಲಿಂದ ನಮ್ಮ ಜೊತೆ ಅವನು ಆಡುವುದಿಲ್ಲ. ಆದರೂ ಬರುತ್ತಾನೆ. ಅಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ. ನಮ್ಮದು ಊಟ ಮುಗಿದಿದ್ದರೆ ಅವನು ಆಗಷ್ಟೇ ಒಗ್ಗರಣೆ ಹಾಕುತ್ತಿರುತ್ತಾನೆ. ಫೋನನ್ನು ಒಲೆ ಪಕ್ಕ ನಿಲ್ಲಿಸಿ, ನಮ್ಮ ಸ್ಕ್ರೀನ್ ಶೇರ್ ನೋಡುತ್ತಾ ಸೌಟು ಆಡಿಸುತ್ತಾನೆ. ಅವನಿಗೆ ಅಂಪೈರ್ ಅಂತ ಹೆಸರು. "ಹ್ವಾಯ್, ಮರದ್ ಹಿಂದೆ ಜನ ಇದ್ರ್ ಕಾಣಿ!" ಅಂತ ಒಂದು ಕೂಗು, ಆಮೇಲೆ ಸಾಸಿವೆ ಸಿಡಿಯುವ ಸದ್ದು. ಅವನು ಹೇಳಿದ್ದು ಸರಿಯಾದರೆ "ಅಂಪೈರ್ ಡಿಸಿಷನ್". ತಪ್ಪಾದರೆ "ಸಾರು ಸೀಯ್ತಿದೆ, ಆ ಕಡೆ ನೋಡು" ಅಂತ ಎಲ್ಲರೂ ಮುಗಿಬೀಳುತ್ತಾರೆ.

ತೀರ್ಥಹಳ್ಳಿ ಕಡೆಯ ಹುಡುಗನದು ಇನ್ನೊಂದು ಕಥೆ. ಮಳೆಗಾಲದಲ್ಲಿ ಅವನ ನೆಟ್ ನಿಂತರೆ ಗೇಮ್‌ನಲ್ಲಿ ಅವನ ಆಳು ಗೊಂಬೆ ಹಾಗೆ ನಿಂತುಬಿಡುತ್ತದೆ. "ಗೊಂಬೆ ನಿಂತ್ಕೊಂತು, ಮಳೆ ಶುರುವಾಯ್ತು" ಅಂತ ಯಾರೋ ಒಬ್ಬರು ಅಂದೇ ಅನ್ನುತ್ತಾರೆ. ಅಂದವರೇ ಹೋಗಿ ಆ ಗೊಂಬೆಯ ಮುಂದೆ ಗಾಡಿ ಅಡ್ಡ ನಿಲ್ಲಿಸುತ್ತಾರೆ, ಗುಂಡು ಬೀಳದಿರಲಿ ಅಂತ.

ಗೇಮ್ ಇಲ್ಲದ ದಿನಗಳೂ ಬಂದವು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಆಗ ನಾವು ಆಡುತ್ತಿದ್ದ ಪಬ್‌ಜಿ ಮೊಬೈಲ್ ಕೂಡ ಒಂದು. ಅಕ್ಟೋಬರ್ 30ಕ್ಕೆ ಸರ್ವರ್ ಕೂಡ ಬಂದ್ ಆಯಿತು. ಇನ್ನು ಈ ಗುಂಪು ಕರಗಿಹೋಗುತ್ತದೆ ಅಂತಲೇ ಎಲ್ಲರಿಗೂ ಅನಿಸಿತ್ತು. ಆದರೆ ಮಾತು ನಿಲ್ಲಲಿಲ್ಲ. ಅಂಪೈರ್ ಕುವೈತ್‌ನಲ್ಲಿ ಬಣ್ಣ ಹೊಡೆಯುತ್ತಿದ್ದ ಒಂದು ಕಟ್ಟಡದ ಫೋಟೋ ಹಾಕಿ "ಪೇಂಟರ್ ಇಲ್ಲಿಗೂ ಬಂದಿದ್ನಾ?" ಅಂತ ಕೇಳಿದ. ಸಾರಥಿ ಗದ್ದೆಯಲ್ಲಿ ಟ್ರ್ಯಾಕ್ಟರ್ ಮೇಲೆ ಕೂತ ಫೋಟೋ ಕಳಿಸಿದ. "ಪಾಪ ಆ ಟ್ರ್ಯಾಕ್ಟರ್, ಮನೇಲಿ ಹೇಳಿ ಬಂದಿದೆಯಾ?" ಅಂತ ಅಕ್ಕ ಉತ್ತರ ಕೊಟ್ಟರು. ಬೇರೆ ಬೇರೆ ಗೇಮ್ ಪ್ರಯತ್ನಿಸಿದೆವು, ಯಾವುದೂ ಹಿಡಿಸಲಿಲ್ಲ. 2021ರ ಜುಲೈ 2ಕ್ಕೆ ಕ್ರಾಫ್ಟನ್ ಕಂಪನಿ ಪಬ್‌ಜಿಯ ಭಾರತದ ರೂಪವಾಗಿ ಬಿಜಿಎಂಐ ಬಿಟ್ಟಾಗ ಮೊದಲ ರಾತ್ರಿಯೇ ಹಳಬರು ಹಾಜರ್. 2022ರ ಜುಲೈ 28ಕ್ಕೆ ಮತ್ತೆ ಸ್ಟೋರ್‌ಗಳಿಂದ ಮಾಯ, 2023ರ ಮೇ ತಿಂಗಳಲ್ಲಿ ಮತ್ತೆ ವಾಪಸ್. ಆಗ ಮೊದಲ ಕೆಲವು ತಿಂಗಳು 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ, ಉಳಿದವರಿಗೆ 6 ಗಂಟೆ ಅಂತ ಮಿತಿ ಇತ್ತು. ಪಿಯುಸಿ ಓದುತ್ತಿದ್ದ ನಮ್ಮ ಗೊಂಬೆಗೆ ಅಕ್ಕ ಅದನ್ನೇ ಹಿಡಿದುಕೊಂಡರು. "ಮೂರು ಗಂಟೆ ಆಯ್ತು, ಹೋಗಿ ಕೆಮಿಸ್ಟ್ರಿ ಓದ್ಕೋ." ಅವನು ಓದಿದ, ಪಾಸೂ ಆದ.

ಗುಂಪಿನಲ್ಲಿ ಬರೆದಿಟ್ಟ ನಿಯಮ ಯಾವುದೂ ಇಲ್ಲ. ಆದರೂ ಒಂದು ಗೆರೆ ಇದೆ ಅಂತ ನನಗೆ ಸ್ಪಷ್ಟವಾಗಿ ಕಂಡಿದ್ದು ಒಂದು ರಾತ್ರಿ. ನಮ್ಮಲ್ಲೊಬ್ಬನ ಹತ್ತಿರ ಹಳೆಯ, ಕಮ್ಮಿ ಬೆಲೆಯ ಫೋನ್ ಇದೆ. ಎರಡು ಮ್ಯಾಚ್ ಆಡಿದರೆ ಕೆಂಡವಾಗುತ್ತದೆ. "ಇಲ್ಲಿ ಚಳಿ ಜಾಸ್ತಿ, ನಿನ್ನ ಫೋನ್ ಸ್ವಲ್ಪ ಕೊಡು, ಕೈ ಕಾಯಿಸ್ಕೋತೀನಿ" ಅಂತ ಡಾಕ್ಟ್ರು ಯಾವಾಗಲೂ ಅನ್ನುತ್ತಾರೆ. "ಬನ್ನಿ, ಎರಡು ದೋಸೆನೂ ಹಾಕ್ಕೊಡ್ತೀನಿ" ಅಂತ ಅವನೂ ಅನ್ನುತ್ತಾನೆ. ಹೊಸದಾಗಿ ಸೇರಿದ್ದ ಒಬ್ಬ ಹುಡುಗ ಇದನ್ನೆಲ್ಲ ಕೇಳುತ್ತಿದ್ದ. ಒಂದು ಮ್ಯಾಚ್ ಸೋತ ಸಿಟ್ಟಿನಲ್ಲಿ "ಆ ಡಬ್ಬಾ ಫೋನ್ ಬಿಸಾಕು, ದುಡ್ಡಿಲ್ದೋರು ಯಾಕೆ ಬರ್ತೀರಾ" ಅಂದುಬಿಟ್ಟ. ಯಾರೂ ಮಾತಾಡಲಿಲ್ಲ. ಕುವೈತ್‌ನಿಂದ ಸೌಟಿನ ಸದ್ದೂ ನಿಂತಿತು.

ಕೊನೆಗೆ ಅಕ್ಕನೇ ಮಾತಾಡಿದರು, ದನಿ ಏರಿಸದೆ. "ಈ ಮ್ಯಾಚ್‌ನಲ್ಲಿ ನೀನು ಬಿದ್ದಾಗೆಲ್ಲ ಅವನು ಅದೇ ಫೋನಲ್ಲಿ ನಿನ್ನನ್ನ ಎಬ್ಬಿಸಿದಾನೆ. ಆ ಫೋನಿಗೂ ಸೇರಿಸಿ ಸಾರಿ ಕೇಳು." ಹುಡುಗ ಕೇಳಿದ, ಮನಸ್ಸಿನಿಂದಲೇ ಕೇಳಿದ. ಫೋನಿನ ಯಜಮಾನ ಸ್ವಲ್ಪ ಹೊತ್ತು ಬಿಟ್ಟು, "ಫೋನು ಹ್ಞೂಂ ಅಂತು. ಆದ್ರೆ ಮುಂದಿನ ಏರ್‌ಡ್ರಾಪ್ ನಂದು" ಅಂದ. ಆ ಹುಡುಗ ಈಗ ನಮ್ಮ ಖಾಯಂ ಮೆಂಬರ್. ಏರ್‌ಡ್ರಾಪ್ ಅಂದರೆ ವಿಮಾನದಿಂದ ಬೀಳುವ ಸಾಮಾನಿನ ಪೆಟ್ಟಿಗೆ. ಸಿಕ್ಕಿದ್ದನ್ನೆಲ್ಲ ಫೋನಿನ ಯಜಮಾನನಿಗೇ ಒಪ್ಪಿಸುತ್ತಾನೆ, ಹಾಗಾಗಿ ಹೆಸರು ಪೋಸ್ಟ್‌ಮ್ಯಾನ್.

ಕೊನೆಯ ಕ್ಲಿಪ್ ಸಾರಥಿಯದು, ಅವನನ್ನು ಕೇಳಿಯೇ ಹಾಕುತ್ತಿದ್ದೇನೆ. ಅವನ ಅಪ್ಪ ತೀರಿಕೊಂಡ ಮೇಲೆ ಬಹಳ ದಿನ ಅವನು ಬರಲಿಲ್ಲ. ಡಾಕ್ಟ್ರು ಮತ್ತು ಸ್ನಾನದಣ್ಣ ಅವನ ಊರಿಗೇ ಹೋಗಿ ಮಾತಾಡಿಸಿ ಬಂದರು. ಅವರು ಎದುರೆದುರು ಭೇಟಿಯಾಗಿದ್ದು ಅದೇ ಮೊದಲು. ಆಮೇಲೆ ಒಂದು ರಾತ್ರಿ ಅವನು ಆನ್‌ಲೈನ್ ಬಂದ. ಹೇಗೆ ಮಾತಾಡಬೇಕೋ ಯಾರಿಗೂ ತಿಳಿಯಲಿಲ್ಲ. "ಗನ್ ನೀವೇ ತಗೊಳ್ಳಿ", "ನಿಧಾನ ಬನ್ನಿ" ಅಂತ ಎಲ್ಲರೂ ಬಹುವಚನದಲ್ಲಿ ಶುರುಮಾಡಿದರು. ಡಾಕ್ಟ್ರು ಕೇಳದೆಯೇ ಎರಡು ಫಸ್ಟ್ ಏಡ್ ಕೊಟ್ಟರು. ಅವನು ಡೇಸಿಯಾ ಕಾರು ಹಿಡಿದ, ರಸ್ತೆ ಬಿಟ್ಟು ಸೀದಾ ಹೋಗಿ ಒಂದು ಮರಕ್ಕೆ ಗುದ್ದಿದ. ಯಾರೂ ಉಸಿರೆತ್ತಲಿಲ್ಲ. ಅಕ್ಕ "ಪರವಾಗಿಲ್ಲ" ಅಂದರು.

"ಯಾಕ್ರಲಾ," ಅಂದ ಅವನು. "ಮರಕ್ಕೆ ಗುದ್ದಿವ್ನಿ, ಒಬ್ರೂ ಏನೂ ಅಂತಿಲ್ವಲ್ಲ. ಮನೇಲೂ ಎಲ್ರೂ ಹಿಂಗೇ ಮೆತ್ತಗೆ ಮಾತಾಡ್ತಾವ್ರೆ. ನೀವಾದ್ರೂ ಬೈಯ್ರಲಾ."

ಪೇಂಟರ್ ಗಂಟಲು ಸರಿಮಾಡಿಕೊಂಡ. "ಮತ್ತ ಕೇಳೇ ಬಿಡ್ತೀನಿ. ಅಷ್ಟು ದೊಡ್ಡ ಗಿಡ, ನಿನ್ನ ಕಣ್ಣಿಗೆ ಕಾಣಲಿಲ್ಲೇನಲೇ? ಇಲ್ಲಾ, ಅದ ಓಡಿ ಬಂದು ನಿನಗ ಗುದ್ದಿತೇನು?"

"ಅದೇ ಬಂತು ಕನಲಾ," ಅಂದ ಸಾರಥಿ. "ನಿನ್ ಗೋಡೆ ಹಂಗೆ ಸುಮ್ನೆ ನಿಂತ್ಕಳ್ಳೋ ಮರ ಅಲ್ಲ ಅದು."

ಅಲ್ಲಿಂದ ಎಲ್ಲರದೂ ಶುರುವಾಯಿತು. ಡಾಕ್ಟ್ರು ಕೊಟ್ಟಿದ್ದ ಎರಡು ಫಸ್ಟ್ ಏಡ್ ವಾಪಸ್ ಕೇಳಿದರು. ಆ ಮ್ಯಾಚ್‌ನಲ್ಲಿ ನಾವು ಎಷ್ಟನೆಯ ಸ್ಥಾನಕ್ಕೆ ಬಂದೆವು ಅಂತ ಯಾರಿಗೂ ನೆನಪಿಲ್ಲ. ರಾತ್ರಿ ಎರಡು ಗಂಟೆಯಾದರೂ ಯಾರೂ ಎದ್ದುಹೋಗಲಿಲ್ಲ. ಸಾರಥಿ ಮತ್ತೆ ಸ್ಟೀರಿಂಗ್ ಹಿಡಿದಾಗ, ಗುಂಪಿಗೆ ಬಂದು ಎರಡು ವಾರವೂ ಆಗಿರದ ಪೋಸ್ಟ್‌ಮ್ಯಾನ್ ಮೆಲ್ಲಗೆ "ಅಣ್ಣಾ, ನಾನು ನಡ್ಕೊಂಡೇ ಬರ್ತೀನಿ" ಅಂದ.