ಕೋಚ್‌ಗೆ ಟೈಮ್ ಕೊಡಿ ಸ್ವಾಮಿ

ಕೇಳುಗರಿಗೆಲ್ಲಾ ನಮಸ್ಕಾರ. ನಾನು ಕಾಲೇಜಲ್ಲಿ ಫಿಸಿಕಲ್ ಡೈರೆಕ್ಟರ್, ಅಂದ್ರೆ ನೀವೆಲ್ಲಾ ಪಿಟಿ ಮೇಷ್ಟ್ರು ಅಂತೀರಲ್ಲ, ಅದೇ. ಕ್ರಿಕೆಟ್ ಬಿಟ್ಟು ಬೇರೆ ಯಾವ್ದಾದ್ರೂ ಆಟದ ಬಗ್ಗೆ ಮಾತಾಡಿ ಅಂದ್ರು, ಸಾಫ್ಟ್‌ಬಾಲ್ ಆರಿಸ್ಕೊಂಡೆ, ಅದರಲ್ಲೂ ಒಬ್ಬರೇ ಒಬ್ಬ ಕೋಚ್. ಅಮೆರಿಕದ ಓಕ್ಲಹೋಮ ಯೂನಿವರ್ಸಿಟಿಯ ಪ್ಯಾಟಿ ಗ್ಯಾಸೋ. ಈ ಮೇಡಂ ತಮ್ಮ ಹುಡುಗೀರ ಟೀಮ್‌ಗೆ 8 ಸಲ ನ್ಯಾಷನಲ್ ಚಾಂಪಿಯನ್‌ಶಿಪ್ ಗೆಲ್ಲಿಸಿಕೊಟ್ಟಿದಾರೆ. ನಾನು ಹೇಳೋಕೆ ಬಂದಿರೋದು ಒಂದೇ ಮಾತು, ಈಗ್ಲೇ ಹೇಳಿಬಿಡ್ತೀನಿ: ಕೋಚ್‌ಗೆ ಟೈಮ್ ಕೊಡಿ.

ಆಟ ಗೊತ್ತಿಲ್ಲದವರಿಗೆ ಬೇಗ ಹೇಳ್ತೀನಿ. ಬೇಸ್‌ಬಾಲ್‌ನ ತಂಗಿ ಅನ್ಕೊಳ್ಳಿ. ಚೆಂಡಿನ ಸುತ್ತಳತೆ 12 ಇಂಚು, ಹೆಸರಿಗೆ ಸಾಫ್ಟ್, ಮೈಗೆ ತಗುಲಿದ್ರೆ ಗೊತ್ತಾಗತ್ತೆ. ಪಿಚರ್ ಹುಡುಗಿ 43 ಅಡಿ ದೂರದಲ್ಲಿ ನಿಂತು ಕೈಯನ್ನ ಒಂದು ಸುತ್ತು ತಿರುಗಿಸಿ ಸೊಂಟದ ಹತ್ರದಿಂದ ಎಸೀತಾಳೆ, 7 ಇನ್ನಿಂಗ್ಸ್ ಆಟ. ಅಷ್ಟು ಸಾಕು. ನಮ್ಮಲ್ಲೂ ಸ್ಕೂಲ್ ಗೇಮ್ಸಲ್ಲಿ, ಇಂಟರ್ ಯೂನಿವರ್ಸಿಟಿಲಿ ಇದೆ, ಪೇಪರಲ್ಲಿ ಬರಲ್ಲ ಅಷ್ಟೇ.

ಗ್ಯಾಸೋ ಮೇಡಂ ಕ್ಯಾಲಿಫೋರ್ನಿಯಾದವರು. ಆಡಿದ್ದೂ ಅಲ್ಲೇ, ಕೋಚಿಂಗ್ ಶುರು ಮಾಡಿದ್ದೂ ಅಲ್ಲೇ, ಲಾಂಗ್ ಬೀಚ್ ಸಿಟಿ ಕಾಲೇಜ್ ಅನ್ನೋ ಎರಡು ವರ್ಷದ ಕೋರ್ಸಿನ ಕಾಲೇಜಲ್ಲಿ. ಸಾಫ್ಟ್‌ಬಾಲ್ ಅಂದ್ರೆ ಆಗ ಕ್ಯಾಲಿಫೋರ್ನಿಯಾ, 1982ರಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜ್ ಆಟಗಳನ್ನ ನಡೆಸೋ ಸಂಸ್ಥೆ) ಮೊದಲನೇ ಸಲ ಹುಡುಗೀರ ಸಾಫ್ಟ್‌ಬಾಲ್ ಚಾಂಪಿಯನ್‌ಶಿಪ್ ನಡೆಸಿದಾಗ ಗೆದ್ದಿದ್ದೇ ಅಲ್ಲಿನ ಯುಸಿಎಲ್‌ಎ ಅನ್ನೋ ಯೂನಿವರ್ಸಿಟಿ. ಅಂಥ ಊರು ಬಿಟ್ಟು ಈಯಮ್ಮ 1995ರ ಸೀಸನ್‌ಗೆ ಓಕ್ಲಹೋಮದ ನಾರ್ಮನ್ ಅನ್ನೋ ಊರಿಗೆ ಬಂದ್ರು. ಅಲ್ಲಿ ಫುಟ್ಬಾಲ್ (ನಮ್ಮ ಫುಟ್ಬಾಲ್ ಅಲ್ಲ, ಅಮೆರಿಕನ್ ಫುಟ್ಬಾಲ್) ಅಂದ್ರೆ ದೇವರು, ಸಾಫ್ಟ್‌ಬಾಲ್ ಅಂದ್ರೆ ಯಾರೂ ಕೇಳೋರಿಲ್ಲ.

ಈಗ ಕೇಳಿ, ನಂಗೆ ಇದನ್ನ ಹೇಳೋಕೆ ಬಹಳ ಇಷ್ಟ. ಅಷ್ಟು ದೊಡ್ಡ ಯೂನಿವರ್ಸಿಟಿ, ಹುಡುಗೀರ ಟೀಮ್‌ಗೆ ಸ್ವಂತ ಗ್ರೌಂಡ್ ಇಲ್ಲ! ರೀವ್ಸ್ ಪಾರ್ಕ್ ಅಂತ ಊರಿನ ಪಬ್ಲಿಕ್ ಪಾರ್ಕು, ಅಲ್ಲೇ ಮ್ಯಾಚು, ಅಲ್ಲೇ ಪ್ರಾಕ್ಟೀಸು. ಅದೇ ಪಾರ್ಕಲ್ಲಿ ಆಫೀಸ್ ಮುಗಿಸ್ಕೊಂಡು ಬರೋ ದೊಡ್ಡವರು ಸ್ಲೋ ಪಿಚ್ ಅಂತ ಆಡ್ತಿದ್ರು, ಚೆಂಡನ್ನ ಮೇಲಕ್ಕೆ ನಿಧಾನಕ್ಕೆ ಹಾಕೋದು, ಟೈಮ್‌ಪಾಸ್ ಆಟ. ಯೂನಿವರ್ಸಿಟಿ ಟೀಮು ಇವರ ಜೊತೆ ಗ್ರೌಂಡ್ ಹಂಚ್ಕೋಬೇಕು, ಅವರು ಬಿಟ್ಟುಹೋದ ಕಸ ಎತ್ತಬೇಕು, ಆಮೇಲೆ ಆಡಬೇಕು. ಇದೇನು ನಮಗೆ ಹೊಸದಾ? ಕಾಲೇಜ್ ಗ್ರೌಂಡಲ್ಲಿ ಬೆಳಗ್ಗೆ ಹೋದ್ರೆ ವಾಕಿಂಗ್ ಅಂಕಲ್‌ಗಳು ಟ್ರ್ಯಾಕ್ ಬಿಡಲ್ಲ, ಸಂಜೆ ಹೋದ್ರೆ ಯಾರದೋ ಮದುವೆ ಶಾಮಿಯಾನ, ಮಾರನೇ ದಿನ ಕಬಡ್ಡಿ ಹುಡುಗೀರು ಬಾಳೆ ಎಲೆ ಎತ್ತಿಹಾಕಿ ಗೆರೆ ಎಳೀತಾರೆ. ಆದ್ರೆ ಅಮೆರಿಕದಲ್ಲಿ 1972ರಲ್ಲೇ ಟೈಟಲ್ ನೈನ್ ಅಂತ ಕಾನೂನು ಬಂದಿತ್ತು ಸ್ವಾಮಿ, ಸರ್ಕಾರದ ದುಡ್ಡು ತಗೊಳ್ಳೋ ಕಾಲೇಜು ಹುಡುಗ ಹುಡುಗಿ ಅಂತ ಭೇದ ಮಾಡಂಗಿಲ್ಲ ಅಂತ, ಅದಾಗಿ 20 ವರ್ಷ ದಾಟಿದ್ರೂ ಹುಡುಗೀರು ಪಾರ್ಕಲ್ಲೇ ಇದ್ರು.

ಇಂಥ ಕಡೆ ಬಂದ ಕೋಚ್ ಮಾರನೇ ವರ್ಷ ಗಂಟುಮೂಟೆ ಕಟ್ಟಿದ್ರೆ ಯಾರೂ ಏನೂ ಅಂತಿರ್ಲಿಲ್ಲ. ಮೇಡಂ ಹೋಗ್ಲಿಲ್ಲ, ಯೂನಿವರ್ಸಿಟಿನೂ ಕಳಿಸ್ಲಿಲ್ಲ. 1998ರಲ್ಲಿ ಕ್ಯಾಂಪಸ್ಸಲ್ಲೇ ಗ್ರೌಂಡ್ ಆಯ್ತು, ಅದಕ್ಕೆ ಮರೀಟಾ ಹೈನ್ಸ್ ಅನ್ನೋ ಹಳೇ ಕೋಚ್ ಹೆಸರಿಟ್ರು (ಮಿನಿಸ್ಟರ್ ಹೆಸರಲ್ಲ, ಕೋಚ್ ಹೆಸರು, ಗಮನಿಸಿ). 2000ದಲ್ಲಿ ಆ ಟೀಮು ಮೊದಲನೇ ಸಲ ಎನ್‌ಸಿಎಎ ಫೈನಲ್ಸ್ ಟೂರ್ನಮೆಂಟ್‌ಗೆ ಹೋಯ್ತು, ಅದನ್ನ ವಿಮೆನ್ಸ್ ಕಾಲೇಜ್ ವರ್ಲ್ಡ್ ಸೀರೀಸ್ ಅಂತಾರೆ, ಹೋದ ಮೊದಲನೇ ಸಲವೇ ಯುಸಿಎಲ್‌ಎನ 3-1ರಲ್ಲಿ ಹೊಡೆದು ಕಪ್ ತಂದ್ಬಿಟ್ರು.

ಆಮೇಲೆ ಏನಾಯ್ತು? ಏನೂ ಆಗ್ಲಿಲ್ಲ! ಮುಂದಿನ ಕಪ್ ಬಂದಿದ್ದು 2013ರಲ್ಲಿ. 13 ವರ್ಷ. ಕಾಲೇಜ್ ಮ್ಯಾನೇಜ್‌ಮೆಂಟಿನವರು ಯಾರಾದ್ರೂ ರೇಡಿಯೋ ಹಾಕ್ಕೊಂಡಿದ್ರೆ ದಯವಿಟ್ಟು ಸೌಂಡ್ ಜಾಸ್ತಿ ಮಾಡಿ: 13 ವರ್ಷ. ನೀವು ಒಂದು ಜೋನಲ್ ಸೋತ್ರೆ ಗೆಸ್ಟ್ ಕೋಚ್‌ನ ಬದಲಾಯಿಸ್ತೀರ. ಆ 13 ವರ್ಷದಲ್ಲಿ ಟೀಮ್ ಕೆಟ್ಟಿತ್ತಾ ಅಂದ್ರೆ ಇಲ್ಲ, ಮೇಡಂ ಬಂದಮೇಲೆ ಒಂದು ವರ್ಷನೂ ಎನ್‌ಸಿಎಎ ಟೂರ್ನಮೆಂಟ್ ತಪ್ಪಿಲ್ಲ. 2012ರಲ್ಲಿ ಫೈನಲ್‌ಗೂ ಬಂದ್ರು, ಅಲಬಾಮ ಎದುರು ಕೊನೇ ಮ್ಯಾಚು, ಮಳೆ ಬೇರೆ, ಒಂದೇ ರನ್ನಲ್ಲಿ ಸೋತ್ರು. ಅವತ್ತು ಪಿಚ್ ಮಾಡಿದ ಕೇಲಾನಿ ರಿಕೆಟ್ಸ್ ಮುಂದಿನ ವರ್ಷ ವಾಪಸ್ ಬಂದು ಟೆನೆಸಿ ಎದುರು ಫೈನಲ್‌ನ ಮೊದಲನೇ ಮ್ಯಾಚಲ್ಲಿ, ಸ್ಕೋರ್ ಸಮ ಆಗಿ ಆಟ ಎಳೀತಾ ಹೋಗಿ, 12 ಇನ್ನಿಂಗ್ಸ್ ಪಿಚ್ ಮಾಡಿದ್ಲು, ಲಾರೆನ್ ಚೇಂಬರ್ಲೇನ್ ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದು ಆ ಮ್ಯಾಚ್ ಮುಗಿಸಿದ್ಲು, ಮುಂದಿನ ಮ್ಯಾಚೂ ಗೆದ್ರು, ಕಪ್ ಬಂತು. 2012ರಲ್ಲೇ ಕೋಚ್‌ನ ಕಳಿಸಿಬಿಟ್ಟಿದ್ರೆ?

ಅಯ್ಯೋ, ಟೈಮ್ ನೋಡ್ಕೊಳ್ಳೇ ಇಲ್ಲ, ಉಳಿದಿದ್ದು ಬೇಗ ಬೇಗ. 2016, 2017 ಎರಡೂ ಗೆದ್ರು. 2021ರಿಂದ 2024ರವರೆಗೆ ಸತತ 4 ಸಲ ಗೆದ್ರು, ಅದಕ್ಕೂ ಮುಂಚೆ ಯಾರೂ ಹಂಗೆ ಗೆದ್ದಿರ್ಲಿಲ್ಲ. 2023ರಲ್ಲಿ 61 ಗೆಲುವು, ಒಂದೇ ಒಂದು ಸೋಲು. ಚೇಂಬರ್ಲೇನ್ ಹೆಸರಲ್ಲಿದ್ದ 95 ಹೋಮ್ ರನ್ ದಾಖಲೆನ ಅದೇ ಕಾಲೇಜಿನ ಜೋಸ್ಲಿನ್ ಆಲೋ ಅನ್ನೋ ಹವಾಯಿ ಹುಡುಗಿ 2022ರಲ್ಲಿ ಮುರಿದು 122ಕ್ಕೆ ತಂದು ನಿಲ್ಲಿಸಿದ್ಲು, ಇಬ್ಬರಿಗೂ ಕಲಿಸಿದ್ದು ಒಬ್ಬರೇ ಕೋಚ್. ಪಾರ್ಕಲ್ಲಿ ಕಸ ಎತ್ತುತಿದ್ದ ಟೀಮ್‌ಗೆ 2024ರಲ್ಲಿ ಲವ್ಸ್ ಫೀಲ್ಡ್ ಅಂತ 4,000ಕ್ಕೂ ಜಾಸ್ತಿ ಸೀಟಿನ ಹೊಸ ಸ್ಟೇಡಿಯಂ ಬಂತು.

ಇದು ಒಬ್ಬರ ಕಥೆ ಅನ್ಕೋಬೇಡಿ. ಮಿಶಿಗನ್‌ನ ಕ್ಯಾರಲ್ ಹಚಿನ್ಸ್ 1985ರಿಂದ 2022ರ ತನಕ ಕೋಚ್ ಆಗಿದ್ರು, ಅವರಿಗೆ ನ್ಯಾಷನಲ್ ಕಪ್ ಸಿಕ್ಕಿದ್ದು 2005ರಲ್ಲಿ. ಅರಿಝೋನದ ಮೈಕ್ ಕ್ಯಾಂಡ್ರಿಯಾ 1986ರಿಂದ 2021ರ ತನಕ ಒಂದೇ ಕಡೆ, ಅವರದ್ದೂ 8 ಕಪ್, ನಡುವೆ 2004ರ ಒಲಿಂಪಿಕ್ಸಲ್ಲಿ ಅಮೆರಿಕಕ್ಕೆ ಚಿನ್ನ ಬೇರೆ. ಅವರ ಬಗ್ಗೆನೇ ಇನ್ನೊಂದು ದಿನ ಕರೆಸಿದ್ರೆ ಹೇಳ್ತೀನಿ. ಇವರಿಗೆಲ್ಲಾ ಸಿಕ್ಕಿದ್ದು ಟೈಮು.

2025ರಲ್ಲಿ ಐದನೇ ಸತತ ಕಪ್‌ಗೆ ಹೋಗಿ ಟೆಕ್ಸಸ್ ಟೆಕ್ ಎದುರು ಸೆಮಿಫೈನಲ್ಲಲ್ಲಿ ಒಂದು ರನ್ನಲ್ಲಿ ಸೋತ್ರು. ಯಾರೂ ಮೇಡಂನ ಮನೆಗೆ ಕಳಿಸ್ಲಿಲ್ಲ. ಮೇ ಕೊನೇಲಿ, ಜೂನ್ ಮೊದಲಲ್ಲಿ ಓಕ್ಲಹೋಮ ಸಿಟಿಯಲ್ಲಿ ಈ ಟೂರ್ನಮೆಂಟ್ ನಡೆಯತ್ತೆ, ಅಲ್ಲಿ ಸಂಜೆ 7ಕ್ಕೆ ಶುರುವಾದ್ರೆ ನಮಗೆ ಬೆಳಗ್ಗೆ 5:30. ಹೆಂಗೂ ವಾಕಿಂಗ್‌ಗೆ ಅಂತ ಏಳ್ತೀರಲ್ಲ, ಒಂದು ದಿನ ನಮ್ಮ ಟ್ರ್ಯಾಕ್ ಬಿಟ್ಕೊಟ್ಟು ಮನೇಲಿ ಕೂತು ಮ್ಯಾಚ್ ನೋಡಿ. ನಮಸ್ಕಾರ.